ಡಬ್ಬಿ ತಿರುಗಿಸಿ ಓದಿ: ಸಿಂಥೆಟಿಕ್ ಆಯಿಲ್ ಬಗ್ಗೆ ಅಂಗಡಿಯವಳ ಮಾತು

"ಅಕ್ಕಾರ, ಸಿಂಥೆಟಿಕ್ ಛಲೋನೋ, ಸಾದಾ ಛಲೋನೋ?"

ನಮ್ಮ ಅಂಗಡಿಯಲ್ಲಿ ದಿನಾ ಬರುವ ಪ್ರಶ್ನೆ ಇದು. ಹುಬ್ಬಳ್ಳಿಯ ಗಬ್ಬೂರು ಬೈಪಾಸ್ ಹತ್ತಿರ ನಮ್ಮದು ಆಯಿಲ್, ಫಿಲ್ಟರ್, ಗ್ರೀಸ್ ಅಂಗಡಿ. ಅಪ್ಪ ಶುರು ಮಾಡಿದ್ದು. ಧಾರವಾಡದ ಕರ್ನಾಟಕ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಮಾಡಿ ಬಂದ ನಾನು ಗಲ್ಲಾದ ಮುಂದೆ ಕೂತಾಗ ನೆಂಟರೆಲ್ಲ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ "ಕಾರ್ ಸರ್ವಿಸಿಂಗ್ ಐತಿ, ಯಾವ ಆಯಿಲ್ ಹಾಕಸ್ಲಿ" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಇದನ್ನೇ ಕಳಿಸುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ. ಸಿಂಥೆಟಿಕ್ ಮಾರಿದರೆ ನನಗೆ ಉಳಿಯುವುದು ಜಾಸ್ತಿ. ಆದರೂ ಬಂದವರಿಗೆಲ್ಲ ಅದನ್ನೇ ಕೊಡುವುದಿಲ್ಲ. ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿ ಬರೆದಿರುವ 'ಫುಲ್ಲಿ ಸಿಂಥೆಟಿಕ್' ಅನ್ನುವುದಕ್ಕಿಂತ ಹಿಂದೆ ಸಣ್ಣಗೆ ಬರೆದಿರುವ ಗ್ರೇಡು ಮತ್ತು ಎಪಿಐ (ಆಯಿಲಿಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ) ನಂಬರೇ ಎಂಜಿನ್ನಿಗೆ ಮುಖ್ಯ. ಮುಂದಿನದು ಗಿರಾಕಿಗೆ ಬರೆದದ್ದು, ಹಿಂದಿನದು ಗಾಡಿಗೆ ಬರೆದದ್ದು.

ಗ್ರೇಡಿನಿಂದ ಶುರು ಮಾಡೋಣ. 20ಡಬ್ಲ್ಯು-40, 15ಡಬ್ಲ್ಯು-40, 5ಡಬ್ಲ್ಯು-30. ಲಾರಿಯವರು ಟ್ವೆಂಟಿ ಫಾರ್ಟಿ, ಫಿಫ್ಟೀನ್ ಫಾರ್ಟಿ ಅಂತಲೇ ಕೇಳುವುದು. ಡಬ್ಲ್ಯು ಅಂದರೆ ವಿಂಟರ್. ಅದರ ಜೊತೆಗಿರುವ ಅಂಕಿ ಥಂಡಿಯ ಲೆಕ್ಕ, ಕೊನೆಯ ಅಂಕಿ ಬಿಸಿಯ ಲೆಕ್ಕ. ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಲು ಅಡ್ಡಿಯಾಗುತ್ತದಾ ಅಂತ 20ಡಬ್ಲ್ಯುವನ್ನು ಮೈನಸ್ 15 ಡಿಗ್ರಿಯಲ್ಲಿ, 15ಡಬ್ಲ್ಯುವನ್ನು ಮೈನಸ್ 20ರಲ್ಲಿ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ ಪರೀಕ್ಷೆ ಮಾಡುತ್ತಾರೆ. ನಮ್ಮ ಹುಬ್ಬಳ್ಳಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಹದಿನಾಲ್ಕು ಹದಿನೈದು ಡಿಗ್ರಿ ಆದರೆ ಸಾಕು, ಮಫ್ಲರ್ ಹೊರಗೆ ಬರುತ್ತದೆ. ಹಾಗಾಗಿ ಚಳಿಗೋಸ್ಕರ ಸಿಂಥೆಟಿಕ್ ಹಾಕಿಸಿ ಅಂತ ಇಲ್ಲಿ ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಬಿಡಿ.

ಕೊನೆಯ ಅಂಕಿಗೆ ಬನ್ನಿ. ಎಂಜಿನ್ ಕಾದ ಮೇಲೆ, ಅಂದರೆ 100 ಡಿಗ್ರಿಯಲ್ಲಿ, ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದು ಅದು. 40 ಅಂದರೆ 12.5ರಿಂದ 16.3 ಸೆಂಟಿಸ್ಟೋಕ್ಸ್ (ದಪ್ಪ ಅಳೆಯುವ ಮಾನ) ಒಳಗೆ, 30 ಅಂದರೆ 9.3ರಿಂದ 12.5 ಒಳಗೆ. ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. 5ಡಬ್ಲ್ಯು-40 ಮತ್ತು 20ಡಬ್ಲ್ಯು-40 ಎರಡೂ ಕಾದ ಎಂಜಿನ್ನಿನಲ್ಲಿ ಹೆಚ್ಚುಕಡಿಮೆ ಒಂದೇ ದಪ್ಪ. "ಸಿಂಥೆಟಿಕ್ ತೆಳು ಇರತೈತಿ, ಬ್ಯಾಸಗಿಗೆ ನಡಿಯೂದಿಲ್ಲ" ಅನ್ನುವ ಮಾತು ಗ್ಯಾರೇಜುಗಳಲ್ಲಿ ಇನ್ನೂ ಓಡಾಡುತ್ತಿದೆ. ಬೇಸಿಗೆ ಗದಗದಲ್ಲಿ ನಲವತ್ತು ಡಿಗ್ರಿ ಮುಟ್ಟಿದರೂ ಎಂಜಿನ್ನಿನ ಒಳಗೆ ಆಯಿಲ್ ಇರುವುದು ನೂರರ ಆಸುಪಾಸಿನಲ್ಲೇ. ಅಲ್ಲಿ 40 ಅಂದರೆ 40.

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಕೌಂಟರ್ ಮೇಲೆ ಎರಡು ಸಣ್ಣ ಗಾಜಿನ ಬಾಟಲಿ ಇಟ್ಟಿದ್ದೇನೆ. ಒಂದರಲ್ಲಿ 20ಡಬ್ಲ್ಯು-40, ಇನ್ನೊಂದರಲ್ಲಿ 0ಡಬ್ಲ್ಯು-16. ಎರಡರಲ್ಲೂ ಮೇಲೆ ಒಂದಿಷ್ಟು ಗಾಳಿ ಬಿಟ್ಟು ಬಿರಡೆ ಹಾಕಿದೆ. ತಲೆಕೆಳಗೆ ಮಾಡಿದರೆ 0ಡಬ್ಲ್ಯು-16ರಲ್ಲಿ ಗುಳ್ಳೆ ಚಂಗನೆ ಮೇಲೇರುತ್ತದೆ. 20ಡಬ್ಲ್ಯು-40ರಲ್ಲಿ ಅದು ಹೊಟ್ಟೆ ಉಬ್ಬಿಸಿಕೊಂಡು, ಅಂಚಿಗೆ ಅಂಟಿಕೊಂಡು, ಸಾವಕಾಶ ಹೋಗುತ್ತದೆ. ನೋಡಿದವರೆಲ್ಲ ಅನ್ನುವುದು ಒಂದೇ ಮಾತು: "ಇದೇನ್ರಿ, ನೀರಿದ್ಹಂಗ ಐತಿ! ಎಂಜಿನ್ ಸೀಜ್ ಆಗೂದಿಲ್ಲೇನು?" ಆಗ ಪಕ್ಕದ ಚಹಾದಂಗಡಿಯಿಂದ ಕುದಿಯುವ ನೀರು ತರಿಸಿ ಎರಡೂ ಬಾಟಲಿಯನ್ನು ಅದರಲ್ಲಿ ಇಳಿಬಿಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿರುಗಿಸಿದರೆ ಎರಡರ ಗುಳ್ಳೆಯೂ ಓಡುತ್ತದೆ. ವ್ಯತ್ಯಾಸ ಇರುತ್ತದೆ, ಆದರೆ ಮೊದಲಿನಷ್ಟು ಇರುವುದಿಲ್ಲ. ಸಾಮಾನ್ಯವಾಗಿ ಒಂದು 15ಡಬ್ಲ್ಯು-40 ಆಯಿಲ್ 40 ಡಿಗ್ರಿಯಲ್ಲಿ ನೂರು ಸೆಂಟಿಸ್ಟೋಕ್ಸ್ ದಾಟಿರುತ್ತದೆ, 100 ಡಿಗ್ರಿಗೆ ಬರುವಷ್ಟರಲ್ಲಿ ಹದಿನಾಲ್ಕರ ಹತ್ತಿರ ಇಳಿದಿರುತ್ತದೆ. ಅಂಗಡಿಯಲ್ಲಿ ಬೆರಳಿಗೆ ಹಚ್ಚಿ ಉಜ್ಜಿ ನೋಡುವವರು ಪರೀಕ್ಷೆ ಮಾಡುತ್ತಿರುವುದು ಎಂಜಿನ್ನಿನೊಳಗೆ ಇರದ ಆಯಿಲನ್ನು.

ಹಾಗಂತ ತೆಳು ಆಯಿಲ್ ಎಲ್ಲ ಗಾಡಿಗೂ ಅಲ್ಲ. ಈಚಿನ ಕೆಲವು ಮಾರುತಿ ಪೆಟ್ರೋಲ್ ಎಂಜಿನ್ನುಗಳಿಗೆ ಕಂಪನಿಯೇ 0ಡಬ್ಲ್ಯು-16 ಹೇಳಿದೆ. ಅದರ ಬೇರಿಂಗಿನ ಸಂದಿ, ಆಯಿಲ್ ಪಂಪು ಎಲ್ಲ ಆ ಆಯಿಲಿಗೆ ತಕ್ಕಂತೆ ಮಾಡಿದ್ದು. ಅಂಥ ಗಾಡಿಗೆ "ಗಟ್ಟಿ ಇರಲಿ" ಅಂತ 20ಡಬ್ಲ್ಯು-40 ಹಾಕಿದರೆ ಮೈಲೇಜ್ ಬೀಳುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಕ್ಕೆ ಏರುವುದು ತಡವಾಗುತ್ತದೆ. ಹಳೇ ಅಂಬಾಸಿಡರಿಗೆ 0ಡಬ್ಲ್ಯು-16 ಹಾಕಿದರೆ ಅದು ತಪ್ಪು ಇನ್ನೊಂದು ಕಡೆಯಿಂದ. ಮ್ಯಾನ್ಯುಯಲ್ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇರುತ್ತದೆ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರುವುದಿಲ್ಲ ನಮ್ಮ ಜನ.

ಇನ್ನು ಸಿಂಥೆಟಿಕ್ ಅಂದರೆ ಏನು? ಆಯಿಲ್ ಅಂದರೆ ಮುಕ್ಕಾಲು ಪಾಲಿಗೂ ಜಾಸ್ತಿ ಬೇಸ್ ಆಯಿಲ್, ಉಳಿದದ್ದು ಅಡಿಟಿವ್, ಅಂದರೆ ಗುಣ ಹೆಚ್ಚಿಸಲು ಬೆರೆಸುವ ರಾಸಾಯನಿಕ. ಬೇಸ್ ಆಯಿಲನ್ನು ಎಪಿಐ ಐದು ಗುಂಪು ಮಾಡಿದೆ. ಮೊದಲೆರಡು ಗುಂಪು ಕಚ್ಚಾ ತೈಲದಿಂದ ಸೋಸಿ ತೆಗೆದ ಮಿನರಲ್, ಅಂದರೆ ಸಾದಾ. ಮೂರನೆಯದೂ ಕಚ್ಚಾ ತೈಲದಿಂದಲೇ ಬರುತ್ತದೆ. ಆದರೆ ಅದನ್ನು ಹೈಡ್ರೋಜನ್ ಜೊತೆ ಭಾರೀ ಒತ್ತಡದಲ್ಲಿ ಕಾಯಿಸಿ, ಅಣುಗಳನ್ನು ಮುರಿದು ಮತ್ತೆ ಜೋಡಿಸಿರುತ್ತಾರೆ. ನಾಲ್ಕನೆಯದು ಪಿಎಒ, ಪೂರ್ತಿ ಫ್ಯಾಕ್ಟರಿಯಲ್ಲೇ ಕಟ್ಟಿದ್ದು. ಐದರಲ್ಲಿ ಎಸ್ಟರ್ ಮತ್ತು ಉಳಿದವು.

ಮೊದಲು ಪಿಎಒ, ಎಸ್ಟರ್‌ಗಳಿಗೆ ಮಾತ್ರ ಸಿಂಥೆಟಿಕ್ ಅನ್ನುತ್ತಿದ್ದರು. ಕ್ಯಾಸ್ಟ್ರಾಲ್ ಅಮೆರಿಕದಲ್ಲಿ ತನ್ನ ಸಿಂಥೆಟಿಕ್ ಆಯಿಲಿಗೆ ಮೂರನೇ ಗುಂಪಿನ ಬೇಸ್ ಬಳಸಿದಾಗ ಮೊಬಿಲ್ ತಕರಾರು ತೆಗೆಯಿತು. ಅಲ್ಲಿನ ಜಾಹೀರಾತು ವ್ಯಾಜ್ಯ ನೋಡುವ ಸಂಸ್ಥೆ 1999ರಲ್ಲಿ ಕ್ಯಾಸ್ಟ್ರಾಲ್ ಕಡೆ ತೀರ್ಪು ಕೊಟ್ಟಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದೇ ದಾರಿ ಹಿಡಿದರು. ಇವತ್ತು ನಮ್ಮ ಕಪಾಟಿನಲ್ಲಿರುವ 'ಫುಲ್ಲಿ ಸಿಂಥೆಟಿಕ್' ಡಬ್ಬಿಗಳಲ್ಲಿ ಹೆಚ್ಚಿನವು ಮೂರನೇ ಗುಂಪಿನವೇ. ಶೆಲ್ ಕಂಪನಿಯದು ಇನ್ನೊಂದು ರೀತಿ. ಕತಾರಿನಲ್ಲಿ ನೈಸರ್ಗಿಕ ಅನಿಲದಿಂದಲೇ ಬೇಸ್ ಆಯಿಲ್ ಮಾಡಿ ಹೆಲಿಕ್ಸ್ ಅಲ್ಟ್ರಾಕ್ಕೆ ಹಾಕುತ್ತಾರೆ. 'ಸೆಮಿ ಸಿಂಥೆಟಿಕ್' ಅನ್ನುವುದಂತೂ ಎಲ್ಲಕ್ಕಿಂತ ಸಡಿಲ ಮಾತು. ಸಿಂಥೆಟಿಕ್ ಇಷ್ಟು ಪರ್ಸೆಂಟ್ ಇರಲೇಬೇಕು ಅಂತ ಎಪಿಐ ಲೆಕ್ಕದಲ್ಲಿ ಎಲ್ಲೂ ಇಲ್ಲ. ಹೊಟ್ಟೆಪಾಡಿಗೆ ನಾನೂ ಮಾರುತ್ತೇನೆ, ಆದರೆ ದರದ ಅರ್ಧ ಯಾವುದಕ್ಕೆ ಅಂತ ನನ್ನನ್ನು ಕೇಳಬೇಡಿ.

ಇದೆಲ್ಲ ಕೇಳಿ ಮೂರನೇ ಗುಂಪು ಮೋಸ ಅಂತ ತಿಳಿಯಬೇಡಿ. ಆ ಆಯಿಲ್ ಚೆನ್ನಾಗಿದೆ. ಬಿಸಿಗೆ ಬೇಗ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತದೆ, ದಪ್ಪ ಕಾಯಲು ಪಾಲಿಮರ್ ಕಡಿಮೆ ಸಾಕು. ಈ ಪಾಲಿಮರ್ ವಿಷಯ ಮುಖ್ಯ. ಮಿನರಲ್ ಆಯಿಲ್ ಬಿಸಿಯಲ್ಲಿ ತೀರಾ ತೆಳುವಾಗದಿರಲಿ ಅಂತ ಉದ್ದುದ್ದ ಪಾಲಿಮರ್ ಸೇರಿಸಿರುತ್ತಾರೆ. ಗೇರು, ಬೇರಿಂಗುಗಳ ನಡುವೆ ಸಿಕ್ಕಿ ಅವು ತುಂಡಾಗುತ್ತಾ ಹೋಗುತ್ತವೆ. ಹಾಕಿಸಿದಾಗ 40 ಇದ್ದ ಆಯಿಲ್ ಬದಲಾಯಿಸುವ ಹೊತ್ತಿಗೆ 30ಕ್ಕೆ ಇಳಿದಿರಬಹುದು. ಸಿಂಥೆಟಿಕ್ಕಿನಲ್ಲಿ ಈ ಇಳಿತ ಕಡಿಮೆ.

ಹಾಗಾದರೆ ಯಾರಿಗೆ ಬೇಕು? ಕಾರಿನವರಲ್ಲಿ ಮೊದಲು ಟರ್ಬೊ ಪೆಟ್ರೋಲ್‌ನವರಿಗೆ. ವೆನ್ಯೂ ಟರ್ಬೊ, ಟೈಗನ್, ಕುಶಾಕ್ ಇಂಥವು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಶಾಫ್ಟ್ ಆಯಿಲ್ ಮೇಲೆ ತೇಲುತ್ತಾ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಪಕ್ಕದಲ್ಲೇ ಎಕ್ಸಾಸ್ಟಿನ ಬೆಂಕಿ. ಅಲ್ಲಿ ಸಾದಾ ಆಯಿಲ್ ಸುಟ್ಟು ಕಿಟ್ಟವಾಗುತ್ತದೆ. ಜೊತೆಗೆ ಇನ್ನೊಂದು ಕಾಟ ಇದೆ, ಎಲ್‌ಎಸ್‌ಪಿಐ ಅಂತ. ಚೆನ್ನಮ್ಮ ಸರ್ಕಲ್‌ನ ಟ್ರಾಫಿಕ್ ದಾಟಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತುತ್ತೀರಲ್ಲ, ಕಡಿಮೆ ಸ್ಪೀಡು, ಪೂರ್ತಿ ಲೋಡು, ಆಗ ಆಗುವುದು ಇದು. ಸ್ಪಾರ್ಕ್ ಬರುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ, ಪಿಸ್ಟನ್ ಒಡೆಯುವಷ್ಟು ಪೆಟ್ಟು ಬೀಳುತ್ತದೆ. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಅಡಿಟಿವ್ ಇದನ್ನು ಹೆಚ್ಚಿಸುತ್ತದೆ ಅಂತ ಗೊತ್ತಾದ ಮೇಲೆ ಹೊಸ ಆಯಿಲುಗಳಲ್ಲಿ ಸ್ವಲ್ಪ ಕ್ಯಾಲ್ಸಿಯಂ ತೆಗೆದು ಮೆಗ್ನೀಸಿಯಂ ಹಾಕಿದರು. 2020ರ ಮೇ ತಿಂಗಳಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಗೆ ಈ ಪರೀಕ್ಷೆಯೂ ಇದೆ, ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಇದೆ. ಅಂದರೆ ಟರ್ಬೊ ಪೆಟ್ರೋಲಿಗೆ ಹಿಂದಿನ ದರ್ಜೆಯಾದ 'ಎಸ್‌ಎನ್' ಬರೆದಿರುವ ದುಬಾರಿ ಸಿಂಥೆಟಿಕ್‌ಗಿಂತ 'ಎಸ್‌ಪಿ' ಬರೆದಿರುವ ಸಾಧಾರಣ ಬ್ರ್ಯಾಂಡೇ ಮೇಲು.

ಆಮೇಲೆ ಬಿಎಸ್6 (ನಮ್ಮ ದೇಶದ ಹೊಗೆ ನಿಯಮದ ಆರನೇ ಹಂತ) ಡೀಸೆಲ್ ಕಾರು. ಕ್ರೆಟಾ ಡೀಸೆಲ್ ಅನ್ನಿ, ಇನ್ನೊಂದು ಅನ್ನಿ, ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ಸಿಕ್ಕ ಮಸಿಯನ್ನು ಗಾಡಿ ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆಯಿಲಿನ ಅಡಿಟಿವ್ ಸುಟ್ಟು ಬರುವ ಬೂದಿ ಮಾತ್ರ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಡಬ್ಬಿಯ ಹಿಂದೆ ಎಸಿಇಎ (ಯುರೋಪಿನ ಗಾಡಿ ಕಂಪನಿಗಳ ಸಂಘ) ಸಿ2 ಅಥವಾ ಸಿ3 ಅಂತ ಇರುತ್ತದೆ, ಮ್ಯಾನ್ಯುಯಲ್ ಯಾವುದು ಹೇಳುತ್ತದೋ ಅದು. ಬೂದಿ ಜಾಸ್ತಿ ಇರುವ ಎ3/ಬಿ4 ದರ್ಜೆಯ ಆಯಿಲ್ ಎಷ್ಟೇ ದುಬಾರಿ ಸಿಂಥೆಟಿಕ್ ಆಗಿರಲಿ, ಇದಕ್ಕೆ ಬೇಡ. ಡಿಪಿಎಫ್ ಬದಲಾಯಿಸುವ ಬಿಲ್ ನೋಡಿದವರು ಆಯಿಲ್ ದರದ ಬಗ್ಗೆ ಚೌಕಾಸಿ ಮಾಡುವುದಿಲ್ಲ.

ಟರ್ಬೊ ಇಲ್ಲದ ಹಳೇ ಆಲ್ಟೊ, ವ್ಯಾಗನಾರ್ ಇದ್ದು, ದಿನಾ ವಿದ್ಯಾನಗರದಿಂದ ಕೇಶ್ವಾಪುರಕ್ಕೆ ಹೋಗಿ ಬರುವವರಾ? ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಮಿನರಲ್ ಸಾಕು, ಆದರೆ ವರ್ಷಕ್ಕೊಮ್ಮೆ ಬದಲಾಯಿಸಿ. "ಎರಡ ಸಾವಿರ ಕಿಲೋಮೀಟರ್ ಓಡೇತ್ರಿ, ಸಿಂಥೆಟಿಕ್ ಹಾಕೀನಿ, ಇನ್ನೂ ಎರಡ ವರ್ಷ ನಡಿತೈತಿ" ಅನ್ನುವವರಿಗೆ ಹೇಳುವುದು ಒಂದೇ. ಸಣ್ಣ ಸಣ್ಣ ಓಟದಲ್ಲಿ ಎಂಜಿನ್ ಪೂರ್ತಿ ಕಾಯುವುದಿಲ್ಲ. ಪೆಟ್ರೋಲ್ ಮತ್ತು ನೀರಿನ ಪಸೆ ಆಯಿಲಿಗೆ ಇಳಿದು ಅಲ್ಲೇ ಉಳಿಯುತ್ತವೆ. ಆಯಿಲ್ ಯಾವುದಾದರೂ ಅದನ್ನು ಹೊರಗೆ ಹಾಕಲಾರದು.

ಯಾವ ಬ್ರ್ಯಾಂಡ್, ಮೊಬಿಲ್ ಒನ್ನಾ, ಎಡ್ಜಾ, ಹೆಲಿಕ್ಸಾ, ಸರ್ವೋನಾ, ಮ್ಯಾಕಾ ಅಂತ ಕೇಳುವವರಿಗೆ ನನ್ನ ಉತ್ತರ ಸಪ್ಪೆ. ಹಿಂದಿನ ನಂಬರ್ ಒಂದೇ ಆಗಿದ್ದರೆ ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಂಡಿಯನ್ ಆಯಿಲ್‌ನ ಸರ್ವೋ ಆದರೇನು, ವಿದೇಶದ್ದಾದರೇನು, ಎಸ್‌ಪಿ 5ಡಬ್ಲ್ಯು-30 ಅಂದರೆ ಅದೇ ಪರೀಕ್ಷೆಗಳು. ಆದರೆ ಒಂದು ಸೂಕ್ಷ್ಮ ನೋಡಿ. ಫೋಕ್ಸ್‌ವ್ಯಾಗನ್‌ನಂಥವರು ತಮ್ಮದೇ ನಂಬರ್ ಕೇಳುತ್ತಾರೆ, ವಿಡಬ್ಲ್ಯು 502, 504, 508 ಹೀಗೆ. ಡಬ್ಬಿಯ ಮೇಲೆ ಆ ನಂಬರಿನ ಪಕ್ಕ 'ಅಪ್ರೂವಲ್' ಅಂತಿದ್ದರೆ ಕಾರ್ ಕಂಪನಿ ಒಪ್ಪಿದೆ ಅಂತ. 'ಮೀಟ್ಸ್' ಅಂತಿದ್ದರೆ ಆಯಿಲ್ ಕಂಪನಿ ತಾನೇ ಹೇಳಿಕೊಂಡಿದೆ ಅಂತ. ವಾರಂಟಿ ಇನ್ನೂ ಇರುವವರು ಮೊದಲನೆಯದನ್ನೇ ತಗೊಳ್ಳಿ.

ನಕಲಿಯ ಬಗ್ಗೆ ಎರಡು ಮಾತು. ಎಂಆರ್‌ಪಿಯ ಅರ್ಧಕ್ಕೆ ಸಿಗುವ ಸಿಂಥೆಟಿಕ್ ಸಿಂಥೆಟಿಕ್ ಆಗಿರುವುದಿಲ್ಲ. ಡಿಸ್ಕೌಂಟ್ ಎಲ್ಲ ಅಂಗಡಿಯಲ್ಲೂ ಇದೆ, ಆದರೆ ಅದಕ್ಕೂ ಮಿತಿ ಇದೆ. ಖಾಲಿ ಡಬ್ಬಿಗಳಿಗೆ ಬೆಲೆ ಇರುವುದೇ ಮತ್ತೆ ತುಂಬುವವರು ಇರುವುದರಿಂದ. ಕಾರಿಗೆ ಆಯಿಲ್ ಹಾಕಿಸಿದ ಮೇಲೆ ಡಬ್ಬಿಗೆ ಸ್ಕ್ರೂಡ್ರೈವರ್‌ನಿಂದ ತೂತು ಹೊಡೆದು ಬಿಡಿ. ಮೆಕ್ಯಾನಿಕ್ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗ ಲಾರಿ. ನಮ್ಮ ಮುಖ್ಯ ವ್ಯಾಪಾರ ಇದೇ. ಕಾರಿಗೆ ಮೂರೂವರೆ ಲೀಟರಿನ ಡಬ್ಬಿ ಸಾಕಾದರೆ ಲಾರಿಗೆ ಬಕೆಟ್‌ಗಟ್ಟಲೆ ಬೇಕು. ಟ್ರಾನ್ಸ್‌ಪೋರ್ಟಿನವರು 210 ಲೀಟರಿನ ಬ್ಯಾರಲ್ಲೇ ಇಳಿಸಿಕೊಳ್ಳುತ್ತಾರೆ. ಇಲ್ಲಿ ಎಪಿಐ ದರ್ಜೆ 'ಸಿ'ಯಿಂದ ಶುರುವಾಗುತ್ತದೆ. 1998ರಲ್ಲಿ ಸಿಎಚ್-4, 2002ರಲ್ಲಿ ಸಿಐ-4, 2006ರಲ್ಲಿ ಸಿಜೆ-4, 2016ರ ಡಿಸೆಂಬರಿನಲ್ಲಿ ಸಿಕೆ-4. ಸಿಐ-4 ಬಂದದ್ದು ಇಜಿಆರ್ ಎಂಜಿನ್ನುಗಳಿಗೆ, ಹೊಗೆಯ ಒಂದು ಭಾಗವನ್ನು ಮತ್ತೆ ಒಳಗೆ ಬಿಡುವುದರಿಂದ ಆಯಿಲಿನಲ್ಲಿ ಮಸಿ ಜಾಸ್ತಿಯಾಗುತ್ತದೆ ಅಂತ. ಸಿಜೆ-4ರಿಂದ ಬೂದಿ ಶೇಕಡಾ 1ಕ್ಕಿಂತ ಮೇಲೆ ಇರಬಾರದು ಅಂತ ಕಟ್ಟು ಹಾಕಿದರು, ಡಿಪಿಎಫ್ ಉಳಿಯಲಿ ಅಂತ.

ಲಾರಿಯವರ ದೊಡ್ಡ ದೂರು ಬಣ್ಣದ್ದು. "ಮೊನ್ನೆ ಹಾಕ್ಸೀನ್ರಿ, ಅಂಕೋಲಾಕ್ಕ ಒಂದ್ ಟ್ರಿಪ್ ಹೋಗಿ ಬರೂದ್ರೊಳಗ ಡಾಂಬರ್ ಆಗೇತಿ, ಡುಪ್ಲಿಕೇಟ್ ಕೊಟ್ಟೀರೇನು?" ಡಿಪ್‌ಸ್ಟಿಕ್ ಒರೆಸಿದ ಬನಿಯನ್ ಬಟ್ಟೆಯನ್ನು ನನ್ನ ಕೌಂಟರ್ ಮೇಲೇ ಇಟ್ಟು ಜಗಳ ತೆಗೆದವರಿದ್ದಾರೆ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗಬೇಕು. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿ ಇಟ್ಟುಕೊಳ್ಳುವುದೇ ಡಿಸ್ಪರ್ಸೆಂಟ್ ಅಡಿಟಿವ್‌ನ ಕೆಲಸ. ಆಯಿಲ್ ಬಂಗಾರದ ಬಣ್ಣ ಬಿಡದೆ ಇದ್ದರೆ ಮಸಿ ಎಲ್ಲಿ ಕೂತಿತು ಅಂತ ಚಿಂತೆ ಮಾಡಿ.

ಲಾರಿಗೆ ಸಿಂಥೆಟಿಕ್ ಲಾಭವಾ? ಲೆಕ್ಕ ಹಾಕೋಣ. ವರ್ಷಕ್ಕೆ 80 ಸಾವಿರ ಕಿಲೋಮೀಟರ್ ಓಡುವ ಲಾರಿ, ಲೀಟರಿಗೆ 4 ಕಿಲೋಮೀಟರ್. ಡೀಸೆಲ್ 20 ಸಾವಿರ ಲೀಟರ್. ಮಿನರಲ್ 15ಡಬ್ಲ್ಯು-40 ಬಿಟ್ಟು ಸಿಂಥೆಟಿಕ್ 10ಡಬ್ಲ್ಯು-30 ಅಥವಾ 5ಡಬ್ಲ್ಯು-30 ಹಾಕಿದರೆ ಸಾಮಾನ್ಯವಾಗಿ ಹೇಳುವ ಉಳಿತಾಯ ಒಂದು ಪರ್ಸೆಂಟ್ ಆಸುಪಾಸು. ಅಂದರೆ 200 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 18 ಸಾವಿರ ರೂಪಾಯಿ. ಜೊತೆಗೆ ಕಂಪನಿ ಒಪ್ಪಿದರೆ ಡ್ರೇನ್ ಇಂಟರ್ವಲ್ (ಆಯಿಲ್ ಬದಲಾಯಿಸುವ ಅಂತರ) ಉದ್ದವಾಗುತ್ತದೆ, ಗಾಡಿ ಗ್ಯಾರೇಜಿನಲ್ಲಿ ನಿಲ್ಲುವ ದಿನ ಕಡಿಮೆಯಾಗುತ್ತದೆ. ದಿನಾ ಪುಣೆ-ಬೆಂಗಳೂರು ಹೈವೇಯಲ್ಲಿ ಓಡುವ ಹೊಸ ಗಾಡಿಗೆ ಇದು ಹೊಂದುತ್ತದೆ. ಬ್ಯಾಡಗಿ ಮೆಣಸಿನಕಾಯಿ ಸೀಜನ್ನಿನಲ್ಲಿ ಮಾತ್ರ ಓಡಿ, ಉಳಿದ ತಿಂಗಳು ಅಮರಗೋಳ ಎಪಿಎಂಸಿಯಲ್ಲಿ ಬಾಡಿಗೆ ಕಾಯುತ್ತಾ ನಿಲ್ಲುವ ಹಳೇ ಗಾಡಿಗೆ ಹೊಂದುವುದಿಲ್ಲ. ಆ ಗಾಡಿ ಆಯಿಲ್ ತಿನ್ನುತ್ತದೆ, ಸೋರುತ್ತದೆ, ಟಾಪ್‌ಅಪ್ ಕೇಳುತ್ತದೆ. ಸೋರಿಹೋಗುವುದಕ್ಕೆ ಸಿಂಥೆಟಿಕ್ ಯಾಕೆ ಹಾಕಬೇಕು, ಅಲ್ವಾ?

ಒಂದು ಎಚ್ಚರ. ಸಿಕೆ-4 ಜೊತೆಗೇ ಎಫ್‌ಎ-4 ಅಂತ ಇನ್ನೊಂದು ಬಂದಿದೆ. ಅದು ಇನ್ನೂ ತೆಳು. ಕಂಪನಿಯೇ ಹೇಳದಿದ್ದರೆ ಹಳೇ ಎಂಜಿನ್ನಿಗೆ ಅದು ಬೇಡ. ಸಿಕೆ-4 ಹಾಗಲ್ಲ, ಸಿಐ-4, ಸಿಎಚ್-4 ಕೇಳುವ ಗಾಡಿಗೂ ನಡೆಯುತ್ತದೆ.

ಇನ್ನು ನಮ್ಮ ಸೀಮೆಯದೇ ಒಂದು ಸಮಸ್ಯೆ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಭೂಮಿಯ ಧೂಳು. ಬೇಸಿಗೆಯಲ್ಲಿ ಏರ್ ಫಿಲ್ಟರ್ ಬಡಿದು ಬಡಿದು ಹಾಕಿ, ಹೋಸಿನ ಕ್ಲಿಪ್ ಸಡಿಲ ಬಿಟ್ಟರೆ ಆ ಧೂಳು ನೇರ ಸಿಲಿಂಡರಿಗೆ ಹೋಗುತ್ತದೆ. ಆಯಿಲ್ ಲ್ಯಾಬಿಗೆ ಕಳಿಸಿದರೆ ರಿಪೋರ್ಟಿನಲ್ಲಿ ಧೂಳಿನ ಗುರುತಾದ ಸಿಲಿಕಾನ್ ಏರಿರುತ್ತದೆ, ಅದರ ಹಿಂದೆಯೇ ಎಂಜಿನ್ ಸವೆದ ಗುರುತಾದ ಕಬ್ಬಿಣ ಏರಿರುತ್ತದೆ. ದೊಡ್ಡ ಫ್ಲೀಟಿನವರಿಗೆ ಆಯಿಲ್ ಕಂಪನಿಗಳೇ ಈ ಪರೀಕ್ಷೆ ಮಾಡಿಕೊಡುತ್ತವೆ. ಉದ್ದ ಇಂಟರ್ವಲ್ ಬೇಕು ಅನ್ನುವವರು ಮೊದಲು ಈ ಕಾಗದ ನೋಡಬೇಕು. ಧೂಳು ಕುಡಿಯುವ ಎಂಜಿನ್ನಿಗೆ ಪಿಎಒ ಹಾಕಿದರೂ ಅಷ್ಟೇ, ಎಸ್ಟರ್ ಹಾಕಿದರೂ ಅಷ್ಟೇ. ಆ ದುಡ್ಡಿಗೆ ಒಂದು ಒಳ್ಳೇ ಏರ್ ಫಿಲ್ಟರ್ ತಗೊಂಡು ಹೋಗಿ.

ಕಳೆದ ವಾರ ಗದಗಿನ ಕಾಕಾ ಒಬ್ಬರು ಬಂದಿದ್ದರು. ಅಪ್ಪನ ಕಾಲದ ಗಿರಾಕಿ. ಎರಡು ಲಾರಿ, ಒಂದು ಹಳೇದು ಬಿಎಸ್3, ಇನ್ನೊಂದು ಹೊಸಾದು ಬಿಎಸ್6. ಹಳೇದಕ್ಕೆ ಸಿಐ-4 ಪ್ಲಸ್ ಮಿನರಲ್, ಹೊಸದಕ್ಕೆ ಸಿಕೆ-4, ಹೀಗೆ ಎರಡು ಥರದ ಬಕೆಟ್ ಒಯ್ಯುತ್ತೇನೆ ಅಂದರು.

"ಕಾಕಾ, ರಾತ್ರಿ ಟಾಪ್‌ಅಪ್ ಮಾಡವ್ರು ಯಾರು?"

"ಕ್ಲೀನರ್ ಹುಡುಗ್ರವ್ವ."

"ಕತ್ತಲದಾಗ ಅವ ಯಾವ ಬಕೆಟ್ ಎತ್ತತಾನ ಅಂತ ನಿಮಗ ಗೊತ್ತೇನು?"

ಕಾಕಾ ಮೀಸೆ ನೀವಿಕೊಂಡರು. ಎರಡಕ್ಕೂ ಮಿನರಲ್ ಸಿಕೆ-4 15ಡಬ್ಲ್ಯು-40 ತಗೊಳ್ಳಿ ಅಂದೆ. ಹಳೇದಕ್ಕೂ ನಡೆಯುತ್ತದೆ, ಹೊಸದರ ಮ್ಯಾನ್ಯುಯಲ್ಲೂ ಅದನ್ನೇ ಕೇಳುತ್ತದೆ. ತಪ್ಪಿ ಬೂದಿ ಜಾಸ್ತಿ ಇರುವ ಆಯಿಲ್ ಡಿಪಿಎಫ್ ಇರುವ ಗಾಡಿಗೆ ಬೀಳುವ ಭಯವಿಲ್ಲ. ಸಿಂಥೆಟಿಕ್ ಬೇಡವೇ ಅಂತ ಅವರೇ ಕೇಳಿದರು. ನಿಮ್ಮ ಹೊಸ ಗಾಡಿ ತಿಂಗಳಿಗೆ ಎಷ್ಟು ಓಡುತ್ತದೆ ಅಂತ ಕೇಳಿದೆ. ಹೇಳಿದ ಅಂಕಿಗೆ ಬೇಡ ಅಂದೆ. ಆಮೇಲೆ ಅರ್ಧ ಗಂಟೆ ದರದ ಮೇಲೆ ಚೌಕಾಸಿ ನಡೆಯಿತು. ನಾಲ್ಕು ಬಕೆಟ್ ಸಿಕೆ-4, ಎರಡು ಆಯಿಲ್ ಫಿಲ್ಟರ್, ಮೇಲೆ ಒಂದು ಗ್ರೀಸ್ ಡಬ್ಬಿ ಫ್ರೀ. ಡಿಇಎಫ್ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ನೀರು) ಬಕೆಟ್ ಮಾತ್ರ ಆಯಿಲ್ ಬಕೆಟ್ ಪಕ್ಕ ಇಡಬೇಡಿ ಅಂತ ಹೇಳಿ, ಅದರ ಮುಚ್ಚಳಕ್ಕೆ ನಾನೇ ನೀಲಿ ಪೇಂಟ್ ಬಳಿದು ಕೊಟ್ಟೆ.